ಐಡ್ಲಿಂಗ್ ನಂಬರಿಗೆ ಕೈ ಹಾಕೋ ಮುಂಚೆ

ಪುಟ್ಟಿ,

ನೀನು ಕಳಿಸಿದ ಟ್ಯೂನ್ ಫೈಲ್ ತೆರೆದು ನೋಡಿದೆ. ಐಡಲ್ ಟಾರ್ಗೆಟ್ ಟೇಬಲ್‌ನಲ್ಲಿ ಇಂಜಿನ್ ತಣ್ಣಗಿದ್ದಾಗಿಂದ ಬಿಸಿಯಾಗೋವರೆಗೂ ಉದ್ದಕ್ಕೆ 1100 ಆರ್‌ಪಿಎಂ ಅಂತ ಒಂದೇ ಅಂಕಿ ಬಳಿದಿದ್ದೀಯ. ಯಾಕೆ ಅಂತ ಕೇಳಬೇಕಾಗಿಲ್ಲ. ಕ್ಯಾಮ್ ಬದಲಾಯಿಸಿದ ಮೇಲೆ ಸಿಗ್ನಲ್ ಹತ್ತಿರ ಬಂದು ಕ್ಲಚ್ ಒತ್ತಿದರೆ ಗಾಡಿ ಆಫ್ ಆಗ್ತಿತ್ತು, ಐಡ್ಲಿಂಗ್ ಏರಿಸಿದರೆ ಸರಿಹೋಗುತ್ತೆ ಅಂದುಕೊಂಡೆ. ಏರಿಸಿದ ಮೇಲೂ ಆಫ್ ಆಗ್ತಿದೆ, ಏನ್ ಮಾಡ್ಲಿ ದೊಡ್ಡಪ್ಪ ಅಂತ ಈಗ ಕೇಳ್ತಿದ್ದೀಯ. ಮೊದಲು ಆ 1100 ತೆಗಿ. ಅದು ನಾವು ಎಲ್ಲಾ ಮುಗಿಸಿ ಕೊನೆಗೆ ಮುಟ್ಟಬೇಕಾದ ಅಂಕಿ.

ಟಾರ್ಗೆಟ್ ಅನ್ನೋದು ನೀನು ಕಂಪ್ಯೂಟರಿಗೆ ಹೇಳೋ ಆಸೆ ಅಷ್ಟೆ. ಆ ಸ್ಪೀಡಿನಲ್ಲಿ ಇಂಜಿನ್ ಓಡೋಕೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಬೇಕು ಅನ್ನೋದು ಬೇರೆ ಟೇಬಲ್‌ನಲ್ಲಿದೆ. ಬೇಸ್ ರನ್ನಿಂಗ್ ಏರ್‌ಫ್ಲೋ ಅಂತ ಅದರ ಹೆಸರು. ಅದನ್ನ ನೀನು ತೆರೆದೇ ಇಲ್ಲ. ಫ್ಯಾಕ್ಟರಿಯವರು ತಮ್ಮ ಕ್ಯಾಮ್‌ಗೆ ಬರೆದ ಅಂಕಿಗಳೇ ಇನ್ನೂ ಅಲ್ಲಿ ಕೂತಿವೆ. ಗಾಡಿ ನಿಂತಲ್ಲೇ ನಿಂತಿದ್ದಾಗ ಕಂಪ್ಯೂಟರ್ ಹೇಗೋ ತಡಕಾಡಿ ಕೊರತೆ ತುಂಬಿಕೊಳ್ಳುತ್ತೆ. ಓಡ್ತಾ ಬಂದು ಕ್ಲಚ್ ಒತ್ತಿದಾಗ ತಡಕಾಡೋಕೆ ಪುರುಸೊತ್ತಿರಲ್ಲ. ಟಾರ್ಗೆಟ್ 1100 ಇದ್ದರೂ ಅಷ್ಟೆ, 800 ಇದ್ದರೂ ಅಷ್ಟೆ, ಗಾಳಿ ಸಾಲದ ಇಂಜಿನ್ ನೇರ ಕೆಳಗೆ ಹೋಗುತ್ತೆ.

ವಾಲ್ವುಗಳನ್ನ ತೆರೆದು ಮುಚ್ಚೋ ಈ ಕ್ಯಾಮ್‌ನಿಂದ ಇಂಜಿನ್ ಒಳಗೆ ಏನಾಗ್ತಿದೆ ಅನ್ನೋದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ನಿನ್ನದು 2001ರ ಕಾರ್ವೆಟ್ ಸಿ5. ಕೆಂಟಕಿಯ ಬೌಲಿಂಗ್ ಗ್ರೀನ್ ಫ್ಯಾಕ್ಟರಿಯಿಂದ ಹೊರಬಿದ್ದಾಗ ಅದರ 5.7 ಲೀಟರಿನ ಎಲ್‌ಎಸ್1 ವಿ8 ಇಂಜಿನ್ 350 ಹಾರ್ಸ್‌ಪವರ್ ಕೊಡ್ತಿತ್ತು, ಆದರೂ ಸಿಗ್ನಲ್‌ನಲ್ಲಿ ಸಾಧುಪ್ರಾಣಿ ಥರ ನಿಂತಿರ್ತಿತ್ತು. ಗಾಳಿ ಒಳಗೆ ಬಿಡೋ ವಾಲ್ವು, ಹೊಗೆ ಹೊರಗೆ ಬಿಡೋ ವಾಲ್ವು ಎರಡೂ ಒಟ್ಟಿಗೆ ತೆರೆದಿರೋ ಹೊತ್ತು ಫ್ಯಾಕ್ಟರಿ ಕ್ಯಾಮ್‌ನಲ್ಲಿ ತೀರಾ ಕಡಿಮೆ. ನೀನು ಹಾಕಿಸಿರೋದರಲ್ಲಿ ಆ ಓವರ್‌ಲ್ಯಾಪ್ ಜಾಸ್ತಿ. 6000 ಆರ್‌ಪಿಎಂ ಹತ್ತಿರ ಅದರಿಂದ ಲಾಭ, ಐಡ್ಲಿಂಗ್‌ನಲ್ಲಿ ಎಡವಟ್ಟು. ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರೋದರಿಂದ ಮ್ಯಾನಿಫೋಲ್ಡ್ ಒಳಗೆ ಒತ್ತಡ ಕಡಿಮೆ, ಎಕ್ಸಾಸ್ಟ್ ಕಡೆ ಜಾಸ್ತಿ. ಎರಡೂ ವಾಲ್ವು ತೆರೆದಿರೋ ಸಮಯ ನೋಡಿ ಸುಟ್ಟ ಹೊಗೆ ಹಿಂದಕ್ಕೆ ನುಗ್ಗಿ ಹೊಸ ಗಾಳಿ, ಪೆಟ್ರೋಲಿನ ಜೊತೆ ಬೆರೆಯುತ್ತೆ. ಅಂಥ ಮಿಶ್ರಣ ನಿಧಾನಕ್ಕೆ ಉರಿಯುತ್ತೆ, ಒಂದು ಸಲ ಚೆನ್ನಾಗಿ, ಇನ್ನೊಂದು ಸಲ ಅರೆಬರೆ. 850 ಆರ್‌ಪಿಎಂನಲ್ಲಿ ಎಂಟು ಸಿಲಿಂಡರ್ ಸೇರಿ ಸೆಕೆಂಡಿಗೆ ಸುಮಾರು 57 ಸಲ ಉರಿಯುತ್ತೆ. ಅದರಲ್ಲಿ ಕೆಲವು ಗಟ್ಟಿಯಾಗಿ, ಕೆಲವು ಸೋತು ಬಂದಾಗ ಕೇಳೋದೇ ಆ ಗಡಗಡ ಸದ್ದು. ಜನ ದುಡ್ಡು ಕೊಟ್ಟು ಕೊಳ್ಳೋದು ಇದನ್ನೇ. ನಿಮ್ಮಪ್ಪ ವಿಡಿಯೋ ಕಾಲ್‌ನಲ್ಲಿ ಕೇಳಿ, ಗಾಡಿಲಿ ಮಿಸ್ಸಿಂಗ್ ಇದೆ, ಸರ್ವೀಸಿಗೆ ಬಿಡು ಅಂದನಂತೆ. ಅವನು ತಪ್ಪೇನೂ ಹೇಳಲಿಲ್ಲ.

ಲಾಗ್‌ನಲ್ಲಿ ಇದರ ಗುರುತು ಮ್ಯಾನಿಫೋಲ್ಡ್ ಒತ್ತಡ. ಹಳೇ ಕ್ಯಾಮ್‌ನಲ್ಲಿ ಬಿಸಿ ಇಂಜಿನ್ 35, 40 ಕಿಲೋಪಾಸ್ಕಲ್ ಆಸುಪಾಸಿನಲ್ಲಿ ಐಡ್ಲಿಂಗ್ ಮಾಡುತ್ತೆ. ನಿನ್ನ ಲಾಗ್ 54 ತೋರಿಸ್ತಿದೆ. ಅಂದರೆ ಇಂಜಿನ್ ಈಗ ಪೆಟ್ರೋಲು, ಸ್ಪಾರ್ಕಿನ ಟೇಬಲ್‌ಗಳ ಬೇರೆಯೇ ಮನೆಗಳಲ್ಲಿ ವಾಸ ಮಾಡ್ತಿದೆ. ಫ್ಯಾಕ್ಟರಿಯವರು ಕೂತು ತಿದ್ದಿ ತೀಡಿದ ಮನೆಗಳು ಖಾಲಿ ಬಿದ್ದಿವೆ.

ಮೈಸೂರಲ್ಲಿ ನಾನು ಯೆಜ್ಡಿ ಓಡಿಸ್ತಿದ್ದ ಕಾಲದಲ್ಲಿ ಕಾರ್ಬ್ಯುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಐಡ್ಲಿಂಗ್ ಕಥೆ ಮುಗೀತು. ಒಂದು ಸಿಲಿಂಡರು, ಎರಡು ಸ್ಟ್ರೋಕು, ಕೇಳೋಕೆ ಎರಡು ಕಿವಿ ಇದ್ದರೆ ಸಾಕು. ಇಲ್ಲಿ ಗಾಳಿ, ಪೆಟ್ರೋಲು, ಸ್ಪಾರ್ಕು ಮೂರನ್ನೂ ಕಂಪ್ಯೂಟರ್ ಒಂದೇ ಸಮನೆ ತಿದ್ದುತ್ತಿರುತ್ತೆ. ನೀನು ಒಂದನ್ನ ತಿರುಗಿಸಿದರೆ ಉಳಿದೆರಡು ಅದನ್ನ ಮುಚ್ಚಿಹಾಕೋಕೆ ಓಡಿಬರುತ್ತವೆ. ಅದಕ್ಕೇ ನಿನಗೆ ಹೇಳೋದು, ಒಂದು ಸಲಕ್ಕೆ ಒಂದೇ ಟೇಬಲ್. ನೀನು ಒಂದೇ ರಾತ್ರಿ ಟಾರ್ಗೆಟ್, ಸ್ಪಾರ್ಕ್, ಫ್ಯೂಯೆಲ್ ಮೂರೂ ಬದಲಾಯಿಸಿದ್ದೀಯ. ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಈಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಬಾನೆಟ್ ತೆಗಿ. ಕ್ಯಾಮ್ ಜೊತೆ ಹೆಡರ್ಸ್ ಕೂಡ ಹಾಕಿಸಿದ್ದೀ ತಾನೇ? ಹೆಡರ್ಸ್ ಹಾಕಿದ ಎಲ್‌ಎಸ್ ಇಂಜಿನ್‌ಗಳಲ್ಲಿ ಪ್ಲಗ್ ವೈರು ಪೈಪಿಗೆ ತಾಗಿ ಸುಡೋದು ಮಾಮೂಲಿ. ಒಂದೊಂದು ವೈರನ್ನೂ ಬೆರಳಿಂದ ಸವರಿ ನೋಡು, ಇಂಜಿನ್ ತಣ್ಣಗಿದ್ದಾಗ. ಇಪ್ಪತ್ತು ವರ್ಷ ದಾಟಿದ ಗಾಡಿ, ಪಿಸಿವಿ ಪೈಪಿನ ರಬ್ಬರು ಬಿರುಕು ಬಿಟ್ಟಿರಬಹುದು, ಇನ್‌ಟೇಕ್ ಗ್ಯಾಸ್ಕೆಟ್ ಗಾಳಿ ಎಳೀತಿರಬಹುದು. ಹೊಗೆ ಬಿಟ್ಟು ಲೀಕ್ ಪರೀಕ್ಷೆ ಮಾಡೋ ಗ್ಯಾರೇಜಿಗೆ ಒಂದು ಸಲ ತಗೊಂಡು ಹೋಗು. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಜಾಯಿಂಟ್ ಸೋರ್ತಿದ್ದರೂ ಕಷ್ಟ. ಹೊರಗಿನ ಗಾಳಿ ಅಲ್ಲಿಂದ ಒಳಗೆ ಬಂದು, ಪೆಟ್ರೋಲು ಕಡಿಮೆಯಾಯ್ತು ಅಂತ ಸೆನ್ಸರ್ ಸುಳ್ಳು ಹೇಳುತ್ತೆ. ಫ್ಯೂಯೆಲ್ ಪ್ರೆಷರ್ 58 ಪಿಎಸ್‌ಐ ಇರಬೇಕು, ಗೇಜ್ ಹಾಕಿಸಿ ನೋಡು. ಥ್ರಾಟಲ್ ಬಾಡಿಯ ಅಂಚಿನಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಒರೆಸು. ಇದೆಲ್ಲ ಬೋರು ಕೆಲಸ, ಗೊತ್ತು. ಆದರೆ ಲೀಕ್ ಇರೋ ಇಂಜಿನ್ನಿಗೆ ಮಾಡಿದ ಟ್ಯೂನಿಂಗ್ ಆ ಲೀಕಿಗೆ ಮಾಡಿದ ಟ್ಯೂನಿಂಗೇ ಹೊರತು ಇಂಜಿನ್ನಿಗಲ್ಲ.

ಫೈಲ್ ಬರೆಯೋ ಮುಂಚೆ ಬ್ಯಾಟರಿಗೆ ಚಾರ್ಜರ್ ಹಾಕಿಡು. ಬರೀತಿರುವಾಗ ವೋಲ್ಟೇಜ್ ಕುಸಿದರೆ ಗಾಡಿಯ ಕಂಪ್ಯೂಟರ್ ಅಲ್ಲಿಗೇ ಕೈಕೊಡಬಹುದು. ಫ್ಯಾಕ್ಟರಿ ಫೈಲಿನ ಪ್ರತಿ ಲ್ಯಾಪ್‌ಟಾಪ್ ಬಿಟ್ಟು ಇನ್ನೊಂದು ಕಡೆನೂ ಇರಲಿ.

ಪೆಟ್ರೋಲಿನ ವಿಷಯ ಗಾಳಿಗಿಂತ ಮುಂಚೆ ನೋಡಬೇಕು, ಯಾಕೆಂದರೆ ಮಿಶ್ರಣ ಕೆಟ್ಟಿದ್ದರೆ ಗಾಳಿಯ ಅಂಕಿ ಎಷ್ಟೇ ಸರಿಯಿದ್ದರೂ ಇಂಜಿನ್ ಎಳೆಯಲ್ಲ. ಇಲ್ಲೊಂದು ಮೋಸ ಇದೆ. ಅರೆಬರೆ ಉರಿದಾಗ ಬಳಕೆಯಾಗದ ಆಕ್ಸಿಜನ್ ಹಾಗೇ ಎಕ್ಸಾಸ್ಟಿಗೆ ಹೋಗುತ್ತೆ. ಸೆನ್ಸರಿಗೆ ಆಕ್ಸಿಜನ್ ಮಾತ್ರ ಕಾಣುತ್ತೆ, ಉರಿಯದೆ ಉಳಿದ ಪೆಟ್ರೋಲು ಕಾಣಲ್ಲ. ಹಾಗಾಗಿ ಪೆಟ್ರೋಲು ಸಾಲದು ಅನ್ನುತ್ತೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತೆ, ಕಣ್ಣು ಉರಿಯೋ ವಾಸನೆ ಬರುತ್ತೆ. ಗ್ಯಾರೇಜಲ್ಲಿ ನಿಂತರೆ ಬಟ್ಟೆಯೆಲ್ಲ ಪೆಟ್ರೋಲು ನಾತ ಹೊಡೀತದೆ ಅಂದೆಯಲ್ಲ, ಅದು ಇದೇ. ನೀನು ಹಾಕಿಸಿರೋ ವೈಡ್‌ಬ್ಯಾಂಡ್ ಮೀಟರು ಕೂಡ ಐಡ್ಲಿಂಗ್‌ನಲ್ಲಿ ಇದೇ ಸುಳ್ಳಿಗೆ ಬೀಳುತ್ತೆ. ಅದಕ್ಕೇ ಮೀಟರ್ ನೋಡಿಕೊಂಡು ಗಾಳಿ-ಪೆಟ್ರೋಲಿನ ಪ್ರಮಾಣ 14.7 ಮಾಡೇ ತೀರ್ತೀನಿ ಅಂತ ಹಟ ಹಿಡೀಬೇಡ. ಐಡ್ಲಿಂಗ್ ಇರೋ ಮನೆಗಳಲ್ಲೂ ಅದರ ಸುತ್ತಲಿನ ಮನೆಗಳಲ್ಲೂ ಸಿಲಿಂಡರ್ ಎಷ್ಟು ಗಾಳಿ ತುಂಬಿಕೊಳ್ಳುತ್ತೆ ಅಂತ ಹೇಳೋ ವಿಇ ಟೇಬಲ್ ಸಮನಾಗಿ ತಿದ್ದು. ಮ್ಯಾನಿಫೋಲ್ಡ್ ಒತ್ತಡ ಸದಾ ಆಚೆ ಈಚೆ ಕುಣೀತಿರೋದರಿಂದ ಪಕ್ಕಪಕ್ಕದ ಮನೆಗಳಲ್ಲಿ ಅಂಕಿ ಏರುಪೇರಿದ್ದರೆ ಪ್ರತಿ ಕುಣಿತಕ್ಕೂ ಪೆಟ್ರೋಲು ಬದಲಾಗುತ್ತೆ. ಕಂಪ್ಯೂಟರ್ ತಾನೇ ಮಾಡೋ ಪೆಟ್ರೋಲಿನ ತಿದ್ದುಪಡಿ, ಅಂದರೆ ಫ್ಯೂಯೆಲ್ ಟ್ರಿಮ್, ನಾಲ್ಕೈದು ಪರ್ಸೆಂಟ್ ಒಳಗೆ ಬಂದು, ಮೂಗಿಗೆ ನಾತ ಕಡಿಮೆಯಾಗಿ, ಒತ್ತಡದ ಗೆರೆ ಒಂಚೂರು ಕೆಳಗಿಳಿದರೆ ಅಲ್ಲಿಗೆ ಬಿಡು. ಒತ್ತಡ ಇಳೀತು ಅಂದರೆ ಅದೇ ಕೆಲಸವನ್ನ ಇಂಜಿನ್ ಕಡಿಮೆ ಗಾಳಿಯಲ್ಲಿ ಮಾಡ್ತಿದೆ ಅಂತ ಅರ್ಥ. ನನಗೆ ಮೀಟರಿಗಿಂತ ಆ ಗೆರೆ ಮೇಲೆ ನಂಬಿಕೆ ಜಾಸ್ತಿ.

ಇನ್ನು ಗಾಳಿ. ನಿನ್ನ ತಾಳ್ಮೆ ಪರೀಕ್ಷೆ ಆಗೋದು ಇಲ್ಲೇ.

ಬೇಸ್ ರನ್ನಿಂಗ್ ಏರ್‌ಫ್ಲೋ ಟೇಬಲ್ ಇರೋದು ಕೂಲೆಂಟ್ ಬಿಸಿಯ ಲೆಕ್ಕದಲ್ಲಿ. ತಣ್ಣಗಿರೋ ಇಂಜಿನ್ನಿಗೆ ಎಣ್ಣೆ ಗಟ್ಟಿ, ತಿಕ್ಕಾಟ ಜಾಸ್ತಿ, ಹಾಗಾಗಿ ಹೆಚ್ಚು ಗಾಳಿ ಬೇಕು. ಬಿಸಿಯಾಗ್ತಾ ಹೋದಂತೆ ಕಡಿಮೆ ಸಾಕು. ಫ್ಯಾಕ್ಟರಿ ಸ್ಥಿತಿಯ ಎಲ್‌ಎಸ್1 ಬಿಸಿಯಾದ ಮೇಲೆ ಸೆಕೆಂಡಿಗೆ 7 ಗ್ರಾಂ ಆಸುಪಾಸು ಎಳೆಯುತ್ತೆ. ನಿನ್ನದಕ್ಕೆ ಅದಕ್ಕಿಂತ ಎಷ್ಟು ಹೆಚ್ಚು ಬೇಕು ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ನಿನ್ನ ಇಂಜಿನ್ನೇ ಹೇಳಬೇಕು. ಅದು ಹೇಳುತ್ತೆ ಕೂಡ. ಟೇಬಲ್‌ನಲ್ಲಿರೋ ಗಾಳಿ ಸಾಲದಿದ್ದಾಗ ಕಂಪ್ಯೂಟರ್ ತಾನೇ ಒಂದಷ್ಟು ಸೇರಿಸುತ್ತೆ. ಆ ಹೆಚ್ಚುವರಿ ಲೆಕ್ಕ ಸ್ಕ್ಯಾನರ್‌ನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಐಡಲ್ ಟ್ರಿಮ್ ಅಂತ ಕಾಣುತ್ತೆ. ರಾತ್ರಿಯೆಲ್ಲ ನಿಂತ ಗಾಡಿಯನ್ನ ಬೆಳಗ್ಗೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಪೂರ್ತಿ ಬಿಸಿಯಾಗೋವರೆಗೆ ಲಾಗ್ ತೆಗಿ. 20 ಡಿಗ್ರಿಯಲ್ಲಿ ಎಷ್ಟು ಸೇರಿಸ್ತು, 40ರಲ್ಲಿ ಎಷ್ಟು, 60ರಲ್ಲಿ, 90ರಲ್ಲಿ ಎಷ್ಟು ಅಂತ ಓದು. ಅಷ್ಟಷ್ಟನ್ನ ಟೇಬಲ್‌ನ ಅಂಕಿಗೆ ಕೂಡಿಸು. ಗೆರೆ ಎಲ್ಲೂ ಮುರೀದ ಹಾಗೆ ನುಣುಪು ಮಾಡಿ ಬರೆದು, ಗಾಡಿ ಬಿಟ್ಟು ಆಫೀಸಿಗೆ ಹೋಗು.

ಹೌದು, ಹೋಗು. ಬಿಸಿ ಇಂಜಿನ್ನನ್ನ ಮತ್ತೆ ತಣ್ಣಗೆ ಮಾಡೋ ಸಾಫ್ಟ್‌ವೇರ್ ಯಾರೂ ಬರೆದಿಲ್ಲ. ನಿಜವಾದ ಕೋಲ್ಡ್ ಸ್ಟಾರ್ಟ್ ದಿನಕ್ಕೆ ಒಂದೇ. ಮಾರನೇ ದಿನ ಮತ್ತೆ ಲಾಗ್, ಮತ್ತೆ ಕೂಡಿಸೋದು ಕಳೆಯೋದು. ಟ್ರಿಮ್‌ಗಳು ಸೊನ್ನೆಯ ಸುತ್ತಮುತ್ತ ಬಂದು ನಿಲ್ಲೋವರೆಗೆ ಇದೇ ಕೆಲಸ. ಫ್ಯಾಕ್ಟರಿಗಳಲ್ಲಿ ಇದಕ್ಕೇ ಅಂತ ತಣ್ಣನೆ ಕೋಣೆಗಳಿರ್ತವೆ. ಮೈನಸ್ ಡಿಗ್ರಿಯಲ್ಲಿ ರಾತ್ರಿಯಿಡೀ ನಿಲ್ಲಿಸಿದ ಗಾಡಿಯನ್ನ ಬೆಳಗ್ಗೆ ಜಾಕೆಟ್ ಹಾಕಿಕೊಂಡು ಹೋಗಿ ಸ್ಟಾರ್ಟ್ ಮಾಡೋದೇ ಕೆಲವರ ಉದ್ಯೋಗ. ನಿನಗೆ ಮಿಶಿಗನ್ ಚಳಿಗಾಲ ಪುಕ್ಕಟೆ ಇದೆ. ಈಗ ಬೇಸಿಗೆಯಲ್ಲಿ ಬರೆದ ಟೇಬಲ್‌ನ ತಣ್ಣನೆ ತುದಿಯನ್ನ ಅಂದಾಜಿನ ಮೇಲೆ ಎಳೆದಿಡು, ಜನವರಿಯಲ್ಲಿ ಒಂದು ಬೆಳಗ್ಗೆ ನಿಜವಾದ ಅಂಕಿ ಸಿಗುತ್ತೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಳಿ ಅಂತ ಗ್ಯಾರೇಜ್ ಬಾಗಿಲು ಮುಚ್ಚಿಕೊಂಡು ಈ ಲಾಗ್ ತೆಗೆಯೋ ಹಾಗಿಲ್ಲ, ಅರ್ಧ ತೆರೆದಿಟ್ಟೂ ಅಲ್ಲ. ಗಾಡಿಯನ್ನ ಹೊರಗೆ ನಿಲ್ಲಿಸಿ ತೆಗಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಮನೆಗೆ ಹೊಂದಿಕೊಂಡ ಗ್ಯಾರೇಜ್ ನಿನ್ನದು, ಮೇಲ್ಗಡೆ ಮಲಗಿರೋರೂ ಇದ್ದಾರೆ.

ಗಾಳಿ ಸರಿಹೋದ ಮೇಲೆ ಸ್ಪಾರ್ಕ್. ಗಾಳಿಗೂ ಸ್ಪಾರ್ಕಿಗೂ ಇರೋ ವ್ಯತ್ಯಾಸ ಹಿಡ್ಕೋ. ಥ್ರಾಟಲ್ ತೆರೆದರೆ ಮ್ಯಾನಿಫೋಲ್ಡ್ ತುಂಬಿ ಸಿಲಿಂಡರ್ ತಲುಪೋಕೆ ಸಮಯ ಬೇಕು. ಸ್ಪಾರ್ಕ್ ಟೈಮಿಂಗ್ ಬದಲಾಯಿಸಿದರೆ ಮುಂದಿನ ಫೈರಿಂಗ್‌ಗೇ ಅದರ ಫಲ. ಅದಕ್ಕೇ ಕಂಪ್ಯೂಟರ್ ದೊಡ್ಡ ತಿದ್ದುಪಡಿ ಗಾಳಿಯಿಂದ, ಚಿಲ್ಲರೆ ತಿದ್ದುಪಡಿ ಸ್ಪಾರ್ಕಿನಿಂದ ಮಾಡುತ್ತೆ. ಆರ್‌ಪಿಎಂ ಟಾರ್ಗೆಟ್‌ಗಿಂತ ಕೆಳಗೆ ಹೋದರೆ ಟೈಮಿಂಗ್ ಮುಂದಕ್ಕೆ, ಮೇಲೆ ಹೋದರೆ ಹಿಂದಕ್ಕೆ. ಮುಂದಕ್ಕೆ ಹೋಗೋಕೆ ಜಾಗ ಇರಬೇಕಲ್ಲ? ಅದಕ್ಕೆ ಬೇಸ್ ಟೈಮಿಂಗನ್ನ ಪೂರ್ತಿ ಏರಿಸಿಡಬಾರದು. ಹೊಗೆ ಬೆರೆತ ಮಿಶ್ರಣ ನಿಧಾನಕ್ಕೆ ಉರಿಯೋದರಿಂದ ಫ್ಯಾಕ್ಟರಿಗಿಂತ ಒಂಚೂರು ಜಾಸ್ತಿ ಬೇಕು, ನಿಜ. 22 ಡಿಗ್ರಿ ಹತ್ತಿರ ಶುರು ಮಾಡು. ನೀನು 32 ಕೊಟ್ಟಿದ್ದೀಯ. ಸದ್ದು ಚೆನ್ನಾಗಿರಬಹುದು, ಆದರೆ ಇಂಜಿನ್ ಕುಸಿದಾಗ ಎತ್ತಿ ಹಿಡಿಯೋಕೆ ಕಂಪ್ಯೂಟರಿನ ಕೈಯಲ್ಲಿ ಏನೂ ಉಳಿದಿಲ್ಲ.

ಟಾರ್ಗೆಟ್ 1100 ಮಾಡೋ ಮುಂಚೆ ತೆಗೆದ ನಿನ್ನ ಎರಡನೇ ಲಾಗ್‌ನ ಮಧ್ಯಭಾಗ ದೊಡ್ಡದು ಮಾಡಿ ನೋಡು. ಆರ್‌ಪಿಎಂ 780ಕ್ಕೆ ಇಳೀತು, ಸ್ಪಾರ್ಕ್ 36ಕ್ಕೆ ಹಾರ್ತು. ಆರ್‌ಪಿಎಂ 960ಕ್ಕೆ ಚಿಮ್ತು, ಸ್ಪಾರ್ಕ್ 14ಕ್ಕೆ ಬಿತ್ತು. ಮತ್ತೆ 770. ಸ್ಪಾರ್ಕಿನ ಗೆರೆ ಗರಗಸದ ಹಲ್ಲಿನ ಹಾಗಿದೆ. ಗಾಳಿಯ ಗೆರೆ ಮಾತ್ರ ಬಹುಪಾಲು ಸಮ. ಗಾಡಿ ಹೀಗೆ ಏರಿ ಇಳಿದು ಹಂಟಿಂಗ್ ಮಾಡ್ತಿರೋದಕ್ಕೆ ಕಾರಣ ಇಲ್ಲಿ ಗಾಳಿಯಲ್ಲ, ಸ್ಪಾರ್ಕ್ ತಿದ್ದುಪಡಿಯೇ. ಫ್ಯಾಕ್ಟರಿ ಕ್ಯಾಮ್‌ಗೆ 30 ಆರ್‌ಪಿಎಂ ವ್ಯತ್ಯಾಸ ಅಂದರೆ ಏನೋ ತೊಂದರೆ ಇದೆ ಅಂತ ಅರ್ಥ. ನಿನ್ನ ಕ್ಯಾಮ್‌ಗೆ ಅದು ಸಹಜ ಗುಣ. ಪ್ರತಿಯೊಂದು ಗಡಗಡವನ್ನೂ ತಪ್ಪು ಅಂತ ತಿಳಿದು ಕಂಪ್ಯೂಟರ್ ತಿದ್ದೋಕೆ ಹೋಗ್ತಿದೆ, ತಿದ್ದಿದ್ದೇ ಹೊಸ ಅಲೆಯಾಗ್ತಿದೆ. ಓವರ್‌ಸ್ಪೀಡ್, ಅಂಡರ್‌ಸ್ಪೀಡ್ ಟೇಬಲ್‌ಗಳಲ್ಲಿ ಸೊನ್ನೆಯ ಎರಡೂ ಕಡೆ 50 ಆರ್‌ಪಿಎಂವರೆಗೆ ತಿದ್ದುಪಡಿಯನ್ನ ಅರ್ಧಕ್ಕಿಂತ ಕಡಿಮೆ ಮಾಡು. ಆಚೆಗಿನದನ್ನ ಹಾಗೇ ಬಿಡು, ನಿಜವಾಗಿ ಕುಸಿದಾಗ ಅದು ಬೇಕು. ಇದರ ಬದಲು ಎರಡು ಮೂರು ಸೆಕೆಂಡಿಗೊಮ್ಮೆ ನಿಧಾನಕ್ಕೆ ಏರಿಳಿಯೋ ಅಲೆ ಕಂಡರೆ, ಜೊತೆಗೆ ಗಾಳಿಯ ಗೆರೆಯೂ ಅದೇ ಲಯದಲ್ಲಿ ತೂಗ್ತಿದ್ದರೆ, ಆಗ ದೋಷ ಗಾಳಿ ತಿದ್ದುವ ವೇಗದ್ದು. ಮೊದಲನೇದರ ಔಷಧಿ ಎರಡನೇದಕ್ಕೆ ಕೊಡಬೇಡ.

ಇಷ್ಟಾದ ಮೇಲೆ ಟಾರ್ಗೆಟ್ ಹತ್ತಿರ ಬಾ. ಬಿಸಿ ಇಂಜಿನ್ನಿಗೆ 850 ಹಾಕು, ತಣ್ಣಗಿದ್ದಾಗ 1000ದ ಹತ್ತಿರ, ನಡುವೆ ಇಳಿಜಾರು. ಮೊದಲಿದ್ದ 1100ರಲ್ಲಿ ನಿಲ್ಲದ ಐಡ್ಲಿಂಗ್ ಈಗ 850ರಲ್ಲಿ ನಿಲ್ಲೋದು ನೋಡ್ತೀಯ. 750ಕ್ಕೆ ಇಳಿಸಿದರೆ ಸದ್ದು ಇನ್ನೂ ಜೋರಾಗಿ ಕೇಳುತ್ತೆ ಅಂತ ಯಾರಾದರೂ ಹೇಳ್ತಾರೆ, ಕೇಳಬೇಡ. ಬಿಸಿ ಎಣ್ಣೆಯ ಪ್ರೆಷರ್, ಆಲ್ಟರ್ನೇಟರ್ ಚಾರ್ಜಿಂಗ್ ಎರಡೂ ಆ ಸ್ಪೀಡಿನಲ್ಲಿ ಕೆಳಗಿರುತ್ತೆ, ಸದ್ದಿಗೋಸ್ಕರ ಬೇರಿಂಗ್ ಜೊತೆ ಆಟ ಆಡೋದು ಬೇಡ.

ಕ್ಲಚ್ ಒತ್ತಿದಾಗ ಆಫ್ ಆಗೋದು ಗಾಳಿ ತಿದ್ದಿದ ಮೇಲೆ ಮುಕ್ಕಾಲು ಪಾಲು ನಿಲ್ಲುತ್ತೆ. ಉಳಿದದ್ದಕ್ಕೆ ಥ್ರಾಟಲ್ ಕ್ರ್ಯಾಕರ್, ಥ್ರಾಟಲ್ ಫಾಲೋವರ್ ಅಂತ ಎರಡು ಟೇಬಲ್ ಇವೆ. ಗಾಡಿ ಉರುಳ್ತಿರುವಾಗ ಒಂದಿಷ್ಟು ಹೆಚ್ಚು ಗಾಳಿ ಬಿಟ್ಟುಕೊಂಡಿರೋದು ಮೊದಲನೇದರ ಕೆಲಸ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ದಢಕ್ಕನೆ ಮುಚ್ಚದ ಹಾಗೆ ನೋಡಿಕೊಳ್ಳೋದು ಎರಡನೇದು. ಚಿಟಿಕೆ ಚಿಟಿಕೆಯಾಗಿ ಹಾಕು. ಜಾಸ್ತಿಯಾದರೆ ಗೇರ್ ಬದಲಾಯಿಸೋವಾಗ ಆರ್‌ಪಿಎಂ ಇಳಿಯೋದೇ ಇಲ್ಲ, ಪಾರ್ಕಿಂಗ್ ಲಾಟಿನಲ್ಲಿ ಗಾಡಿ ತಾನೇ ತಳ್ಳಿಕೊಂಡು ಹೋಗುತ್ತೆ.

ನಿನಗೆ ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗೋ ಆಸೆ. 1995ರಿಂದ ನಡೀತಿರೋ ಜಾತ್ರೆ ಅದು, ಸಾವಿರಾರು ಹಳೇ ಗಾಡಿ ವುಡ್‌ವರ್ಡ್ ಅವೆನ್ಯೂ ಮೇಲೆ ಆಮೆ ಥರ ತೆವಳ್ತಿರ್ತವೆ. ಐಡ್ಲಿಂಗ್‌ಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಬಿಸಿಲು, ಮುಂದೆ ಗಾಡಿ, ಎಸಿ ಆನ್, ಫ್ಯಾನ್ ಎರಡೂ ಓಡ್ತಿವೆ, ಬಾನೆಟ್ ಕೆಳಗಿನ ಗಾಳಿ ಕಾದ ಹೆಂಚಾಗಿದೆ. ಹೋಗೋ ಮುಂಚೆ ಮನೆ ಮುಂದೆಯೇ ಆ ಸ್ಥಿತಿ ತಂದುಕೋ. ಅರ್ಧ ಗಂಟೆ ಓಡಿಸಿ ಬಂದು, ಎಸಿ ಹಾಕಿ, ಲೈಟ್ ಹಾಕಿ, ಸ್ಟೀರಿಂಗ್ ತುದಿವರೆಗೆ ತಿರುಗಿಸಿ ಹಿಡಿ. ಆಗಲೂ ಐಡ್ಲಿಂಗ್ ಸ್ಥಿರವಾಗಿ ನಿಂತರೆ ಹೋಗು.

ಬ್ರೇಕ್ ಪರೀಕ್ಷೆ ಮರೀಬೇಡ. ಬ್ರೇಕ್ ಬೂಸ್ಟರ್ ಕೆಲಸ ಮಾಡೋದು ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ನಿಂದ, ನಿನ್ನ ಕ್ಯಾಮ್ ಅದನ್ನ ಕಡಿಮೆ ಮಾಡಿದೆ. ಐಡ್ಲಿಂಗ್‌ನಲ್ಲಿ ಪೆಡಲನ್ನ ಒಂದರ ಹಿಂದೆ ಒಂದು ನಾಲ್ಕೈದು ಸಲ ಒತ್ತು. ಮೂರನೇ ಸಲಕ್ಕೇ ಪೆಡಲ್ ಕಲ್ಲಾದರೆ ಆ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ, ಮೊದಲು ಅದಕ್ಕೆ ದಾರಿ ನೋಡೋಣ.

ಮಿಸ್‌ಫೈರ್ ಕೋಡ್ ಪಿ0300 ಬರ್ತಿದೆ, ಆಫ್ ಮಾಡಿಬಿಡ್ಲಾ ಅಂತಲೂ ಕೇಳಿದ್ದೆ. ಬೇಡ. ಈ ಕ್ಯಾಮ್‌ನ ಗಡಗಡವನ್ನ ಕಂಪ್ಯೂಟರ್ ಮಿಸ್‌ಫೈರ್ ಅಂತ ಎಣಿಸ್ತಿದೆ. ಐಡ್ಲಿಂಗ್ ಭಾಗದಲ್ಲಿ ಮಾತ್ರ ಮಿತಿ ಸಡಿಲ ಮಾಡು, ಮೇಲಿನದು ಹಾಗೇ ಇರಲಿ. ನಾಳೆ ನಿಜವಾಗಿ ಪ್ಲಗ್ ಸತ್ತರೆ ಆ ದೀಪವೇ ನಿನಗೆ ಹೇಳಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕೋ ಮಾತಂತೂ ಎತ್ತಲೇಬೇಡ. ಮಿಶಿಗನ್‌ನಲ್ಲಿ ವರ್ಷವರ್ಷ ಹೊಗೆ ತಪಾಸಣೆ ಇಲ್ಲ ಅನ್ನೋದು ನಿಜ, ಆದರೆ ಫೆಡರಲ್ ಕ್ಲೀನ್ ಏರ್ ಆಕ್ಟ್ ಎಲ್ಲಾ ರಾಜ್ಯಕ್ಕೂ ಒಂದೇ. ಕಾನೂನು ಪಕ್ಕಕ್ಕಿಡು, ಆ ಹೊಗೆ ಕುಡಿಯೋರು ನಿನ್ನ ಹಿಂದೆ ಸೈಕಲ್ ಮೇಲೆ ನಿಂತಿರೋ ಹುಡುಗರು.

ಮುಂದಿನ ಲಾಗ್ ಕಳಿಸುವಾಗ ಆರ್‌ಪಿಎಂ, ಟಾರ್ಗೆಟ್ ಆರ್‌ಪಿಎಂ, ಕೂಲೆಂಟ್ ಬಿಸಿ, ಮ್ಯಾನಿಫೋಲ್ಡ್ ಒತ್ತಡ, ಗಾಳಿ, ಎರಡೂ ಐಡಲ್ ಟ್ರಿಮ್, ಸ್ಪಾರ್ಕ್, ಫ್ಯೂಯೆಲ್ ಟ್ರಿಮ್ ಇಷ್ಟು ಚಾನೆಲ್ ಇರಲಿ. ಐವತ್ತು ಚಾನೆಲ್ ತುಂಬಿಸಿದರೆ ಲಾಗ್ ನಿಧಾನವಾಗಿ, ನೋಡಬೇಕಾದ ಅಲೆಯೇ ತಪ್ಪಿಹೋಗುತ್ತೆ. ಫೈಲಿನ ಹೆಸರಲ್ಲಿ ತಾರೀಖು, ಯಾವ ಟೇಬಲ್ ಬದಲಾಯಿಸಿದೆ ಅನ್ನೋದು ಬರಿ. ಫೈನಲ್, ಫೈನಲ್ ಹೊಸದು, ಫೈನಲ್ ಇದೇ ಅಂತ ಮೂರು ಕಳಿಸಿದ್ದೀಯಲ್ಲ, ಅದರಲ್ಲಿ ಈಗ ಗಾಡಿ ಒಳಗೆ ಕೂತಿರೋದು ಯಾವುದು ಅಂತ ಮೊದಲು ಹೇಳು.

ನಿನ್ನ ದೊಡ್ಡಪ್ಪ